ನನ್ನ ಸಿಲಿಂಡರ್ ಬಿಚ್ಚಿಟ್ಟ ಗೋವಾದ ಡೈವ್ ಸೆಂಟರ್: ಹಾರ್ಟ್ ವಾಲ್ವ್ ಸರ್ಜರಿಗೆ ಮುಂಚೆ ಮತ್ತು ಆಮೇಲೆ

2022ರ ನವೆಂಬರ್, ಗೋವಾದ ಗ್ರಾಂಡೆ ಐಲ್ಯಾಂಡ್ ಹತ್ರ ಅವತ್ತಿನ ಮೊದಲನೇ ಸ್ಕೂಬಾ ಡೈವ್ ಮುಗಿಸಿ ಬೋಟ್ ಹತ್ತಿ ಕೂತಿದ್ದೆ, ನಮ್ಮ ಇನ್‌ಸ್ಟ್ರಕ್ಟರ್ ಹುಡುಗ ಬಂದು ಸಿಲಿಂಡರ್‌ನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ತೋರಿಸೋ ನನ್ನ ಗೇಜ್ ನೋಡಿದ, ಆಮೇಲೆ ನನ್ನ ಮುಖ ನೋಡಿದ, ಆಮೇಲೆ ಏನೂ ಮಾತಾಡದೆ ಎರಡನೇ ಡೈವ್‌ಗೆ ಅಂತ ಕಟ್ಟಿಟ್ಟಿದ್ದ ನನ್ನ ಸಿಲಿಂಡರನ್ನ ಬಿಚ್ಚಿ ಆ ಕಡೆ ಒರಗಿಸಿಬಿಟ್ಟ. "ಅಕ್ಕಾ, ಇವತ್ತಿಗೆ ಸಾಕು. ಮುಂಬೈಗೆ ಹೋಗಿ ಹಾರ್ಟ್ ತೋರಿಸ್ಕೊಳ್ಳಿ, ಅಲ್ಲೀವರೆಗೆ ನಿಮ್ಮನ್ನ ನಾನು ಇಳಿಸಲ್ಲ" ಅಂದ. ಈ ರಿವ್ಯೂ ಆ ಸೆಂಟರ್ ಬಗ್ಗೆ, ಆದ್ರೆ ಮಧ್ಯದಲ್ಲಿ ಆಸ್ಪತ್ರೆ ವಿಷಯ ತುಂಬಾ ಬರತ್ತೆ, ಅದನ್ನ ಬಿಟ್ಟು ಈ ಸೆಂಟರ್ ಹೇಗಿದೆ ಅಂತ ಹೇಳೋಕೆ ನನ್ನಿಂದ ಆಗಲ್ಲ.

ನಾನು ಹೊನ್ನಾವರದ ಕಡೆಯವಳು, ಮದುವೆ ಆಗಿ ಮುಂಬೈ ಹತ್ರದ ಡೊಂಬಿವ್ಲಿಗೆ ಬಂದು 19 ವರ್ಷ ಆಯ್ತು, ಬ್ಯಾಂಕ್ ಕೆಲಸ. 2014ರಲ್ಲಿ ಊರಿಗೆ ಹೋದಾಗ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಮೊದಲ್ನೇ ಸಲ ನೀರೊಳಗೆ ಉಸಿರಾಡಿದ್ದು, ಅವತ್ತಿಂದ ಹಿಡಿದ ಹುಚ್ಚು ಬಿಟ್ಟಿಲ್ಲ, ಮಾಲ್ವಣ, ಗೋವಾ, ನೇತ್ರಾಣಿ, ಒಂದ್ಸಲ ಅಂಡಮಾನ್, ಎಲ್ಲಾ ಸೇರಿ 140ರ ಹತ್ರ ಡೈವ್ ಆಗಿತ್ತು. ಸೆಂಟರ್ ಹೆಸರು ಹಾಕ್ತಿಲ್ಲ. ಆ ಹುಡುಗನೇ ಬೇಡ ಅಂದ, "ಹೆಸರು ಹಾಕಿದ್ರೆ ಹಾರ್ಟ್ ಆಪರೇಷನ್ ಆದೋರು ಪೇಪರ್ ಇಲ್ಲದೆ ಬಂದು ನಿಂತ್ಕೋತಾರೆ ಅಕ್ಕಾ, ವಾಪಸ್ ಕಳಿಸೋದು ಕಷ್ಟ ಆಗತ್ತೆ" ಅಂತ. ನನಗೂ ಸರಿ ಅನ್ನಿಸ್ತು. ಒಳ್ಳೆ ಸೆಂಟರನ್ನ ಹೇಗೆ ಗುರುತಿಸೋದು ಅಂತ ಇದನ್ನ ಓದಿದ್ಮೇಲೆ ನಿಮಗೇ ಗೊತ್ತಾಗತ್ತೆ.

ಅವನು ಗೇಜಲ್ಲಿ ನೋಡಿದ್ದೇನು ಅಂತ ಹೇಳ್ತೀನಿ. ನಾವು ಬೆನ್ನಿಗೆ ಹಾಕ್ಕೊಳ್ಳೋದು ಮಾಮೂಲಿ 11 ಲೀಟರ್ ಅಲ್ಯೂಮಿನಿಯಂ ಸಿಲಿಂಡರ್, ತುಂಬಿದಾಗ ಒಳಗಿನ ಗಾಳಿಯ ಒತ್ತಡ 200 ಬಾರ್. ಹಿಂದಿನ ಸೀಸನ್‌ನಲ್ಲಿ ಇದೇ ಜಾಗದಲ್ಲಿ 12 ಮೀಟರ್‌ನಲ್ಲಿ 45 ನಿಮಿಷ ಇದ್ದು ಮೇಲೆ ಬಂದಾಗ ನನ್ನ ಸಿಲಿಂಡರ್‌ನಲ್ಲಿ 90 ಬಾರ್ ಉಳಿದಿತ್ತು, ಅವನು ಅದನ್ನ ತನ್ನ ಪುಸ್ತಕದಲ್ಲಿ ಬರ್ಕೊಂಡಿದ್ದ, ಪ್ರತಿಯೊಬ್ಬರದ್ದೂ ಬರ್ಕೋತಾನೆ. ಈ ಸಲ ಅದೇ ಆಳ, 24 ನಿಮಿಷಕ್ಕೇ 60 ಬಾರ್‌ಗೆ ಇಳಿದಿತ್ತು. ಅಂದ್ರೆ ಮೊದಲಿಗಿಂತ ಎರಡು ಪಟ್ಟಿಗೂ ಮೇಲೆ ಗಾಳಿ ಎಳ್ಕೊಂಡಿದೀನಿ, ಕರೆಂಟ್ ಇಲ್ಲ, ಚಳಿ ಇಲ್ಲ, ಹೊಸ ಜಾಗ ಅಲ್ಲ, ಹೆದರಿಕೊಳ್ಳೋಕೆ ಕಾರಣ ಏನೂ ಇರ್ಲಿಲ್ಲ. ಜೊತೆಗೆ ಏಣಿ ಹತ್ತುವಾಗ ಎದೆ ಬಿಗಿ ಹಿಡಿದ ಹಾಗಾಗಿ ಮಧ್ಯದಲ್ಲಿ ನಿಂತಿದ್ದೆ, ಅದನ್ನೂ ಅವನು ನೋಡಿದ್ದ. ಬೋಟಲ್ಲಿದ್ದ ಆಕ್ಸಿಜನ್ ಕಿಟ್ ತೆಗೆದು ಮಾಸ್ಕ್ ಹಾಕಿದ, ವಾಪಸ್ ಜೆಟ್ಟಿ ಬರೋವರೆಗೂ ಪಕ್ಕದಲ್ಲೇ ಕೂತಿದ್ದ.

ನನಗೆ ಅವತ್ತು ಸಿಟ್ಟು ಬಂದಿತ್ತು, ನಿಜ ಹೇಳ್ತೀನಿ. ರಜೆ ಹಾಕಿ, ಕೊಂಕಣ ಕನ್ಯಾ ರೈಲಲ್ಲಿ ರಾತ್ರಿಯೆಲ್ಲಾ ಕೂತು ಬಂದಿದೀನಿ, ಎರಡು ದಿನಕ್ಕೆ ನಾಲ್ಕು ಡೈವ್ ಬುಕ್ ಮಾಡಿದೀನಿ, ಒಂದಕ್ಕೇ ಕಳಿಸ್ತಿದಾನಲ್ಲ ಅಂತ. ವಯಸ್ಸಾಯ್ತು, ಆಫೀಸಲ್ಲಿ ಕೂತು ಕೂತು ಸ್ಟ್ಯಾಮಿನಾ ಹೋಗಿದೆ, ಅಷ್ಟೇ ಅಂತ ವಾದ ಮಾಡಿದೆ. ಅವನು ವಾದಕ್ಕೆ ಬರ್ಲೇ ಇಲ್ಲ. ಮಡಗಾಂವ್ ಸ್ಟೇಷನ್ ಮುಟ್ಟೋದ್ರೊಳಗೆ ಮೂರು ಡೈವ್‌ನ ದುಡ್ಡು ನನ್ನ ಅಕೌಂಟ್‌ಗೆ ಬಂದು ಬಿದ್ದಿತ್ತು, ಕೆಳಗೆ ಒಂದೇ ಸಾಲು, "ಎಕೋ ಮಾಡಿಸಿ ಅಕ್ಕಾ, ಬರೀ ಇಸಿಜಿ ಸಾಕಾಗಲ್ಲ."

ಎಕೋ ಅಂದ್ರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್. ಆ ಒಂದು ಸಾಲು ಎಷ್ಟು ದೊಡ್ಡದು ಅಂತ ಆಮೇಲೆ ಗೊತ್ತಾಯ್ತು. ಡೊಂಬಿವ್ಲಿಯ ನಮ್ಮ ಫ್ಯಾಮಿಲಿ ಡಾಕ್ಟ್ರು ಸ್ಟೆತಾಸ್ಕೋಪ್ ಇಟ್ಟ ತಕ್ಷಣ ಮರ್ಮರ್, ಅಂದ್ರೆ ಹೃದಯದಲ್ಲಿ ಬರಬಾರದ ಸದ್ದು, ಇದೆ ಅಂದ್ರು, ಚಿಕ್ಕವಳಿದ್ದಾಗ ಜ್ವರ ಬಂದು ಕೀಲು ನೋವು ಬಂದಿತ್ತಾ ಅಂತ ಕೇಳಿದ್ರು, ನಮ್ಮ ದೇಶದಲ್ಲಿ ವಾಲ್ವ್ ತೊಂದರೆ ತುಂಬಾ ಜನಕ್ಕೆ ಬರೋದು ಹಾಗೆ, ಗಂಟಲು ಸೋಂಕಿಗೆ ಸರಿಯಾಗಿ ಔಷಧಿ ಆಗದೆ ರುಮ್ಯಾಟಿಕ್ ಜ್ವರ ಬಂದು ವಾಲ್ವ್ ಹಾಳಾಗೋದು. ನನ್ನದು ಅದಲ್ಲ. ಎಕೋದಲ್ಲಿ ಗೊತ್ತಾಗಿದ್ದು ಹುಟ್ಟಿನಿಂದಲೇ ಇದ್ದ ವಿಷಯ, ಹೃದಯದಿಂದ ರಕ್ತ ಮೈಗೆ ಹೊರಡೋ ಬಾಗಿಲಾದ ಅಯೋರ್ಟಿಕ್ ವಾಲ್ವ್‌ಗೆ ಮೂರು ಎಸಳು ಇರ್ಬೇಕು, ನನ್ನದಕ್ಕೆ ಎರಡೇ. ನೂರು ಜನರಲ್ಲಿ ಒಬ್ಬರೋ ಇಬ್ಬರೋ ಹೀಗೆ ಹುಟ್ತಾರಂತೆ. 40 ದಾಟೋವರೆಗೆ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ, ಆಮೇಲೆ ಎಸಳಿಗೆ ಸುಣ್ಣ ಕಟ್ಟಿ ಗಟ್ಟಿಯಾಗಿ ಬಾಗಿಲು ಪೂರ್ತಿ ತೆಗೆಯೋದೇ ನಿಂತುಹೋಗತ್ತೆ. ಸರಿಯಿರೋ ವಾಲ್ವ್ ತೆರೆದಾಗ 3ರಿಂದ 4 ಚದರ ಸೆಂಟಿಮೀಟರ್ ದಾರಿ ಇರತ್ತೆ, 1ಕ್ಕಿಂತ ಕಮ್ಮಿ ಆದ್ರೆ ಸಿವಿಯರ್, ನನ್ನದು 0.8. ಅಷ್ಟು ಸಣ್ಣ ಕಿಂಡಿಯಲ್ಲಿ ಹೃದಯ ರಕ್ತ ನೂಕ್ತಾ ಇತ್ತು, ನಾನು ಅದನ್ನ ಇಟ್ಕೊಂಡು 12 ಮೀಟರ್ ಕೆಳಗೆ ಹೋಗಿ ಬರ್ತಿದ್ದೆ.

ನೀರಲ್ಲಿ ಯಾಕೆ ಅಷ್ಟು ಬೇಗ ಗೊತ್ತಾಯ್ತು ಅಂದ್ರೆ ಅದಕ್ಕೂ ಕಾರಣ ಇದೆ. ನೀರಿಗೆ ಇಳಿದ ಕೂಡ್ಲೇ ಕಾಲಲ್ಲಿರೋ ರಕ್ತ ಎದೆ ಕಡೆ ಬರತ್ತೆ, ಅರ್ಧ ಲೀಟರಿಗೂ ಮೇಲೆ. ಆರೋಗ್ಯವಾಗಿರೋ ಹೃದಯಕ್ಕೆ ಅದು ಲೆಕ್ಕಕ್ಕೇ ಇಲ್ಲ. ಬಾಗಿಲು ಮುಚ್ಚಿಹೋಗ್ತಿರೋ ಹೃದಯಕ್ಕೆ ಅದು ಹೊರೆ, ಶ್ವಾಸಕೋಶದಲ್ಲಿ ನೀರು ತುಂಬ್ಕೊಳ್ಳೋ ಅಪಾಯ ಇರತ್ತೆ. ಮೇಲಿದ್ದಾಗ ಹಾಗಾದ್ರೆ ಕೂತ್ಕೋಬಹುದು, ಕೂಗಬಹುದು, 12 ಮೀಟರ್ ಕೆಳಗೆ ಏನ್ ಮಾಡೋದು. ಎರಡನೇ ಡೈವ್‌ಗೆ ಇಳಿದಿದ್ರೆ ಏನಾಗ್ತಿತ್ತು ಅಂತ ನಾನು ಕಾರ್ಡಿಯಾಲಜಿಸ್ಟ್ ಹತ್ರ ಕೇಳಿದೆ, ಅವರು ಉತ್ತರ ಕೊಡದೆ ಪೆನ್ ಕೆಳಗಿಟ್ಟು "ಆ ಹುಡುಗನಿಗೆ ಥ್ಯಾಂಕ್ಸ್ ಹೇಳಿದ್ರಾ?" ಅಂತ ಕೇಳಿದ್ರು. ಹೇಳಿರ್ಲಿಲ್ಲ. ಕ್ಲಿನಿಕ್ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದೆ.

ಆ ಫೋನಲ್ಲಿ ಅವನು ಹೇಳಿದ ಮಾತಿಗೇ ಈ ರಿವ್ಯೂ ಬರೀತಿರೋದು ಅಂದ್ರೂ ತಪ್ಪಿಲ್ಲ. "ಅಕ್ಕಾ, ಮತ್ತೆ ಡೈವ್ ಮಾಡೋ ಆಸೆ ಇದ್ರೆ ವಾಲ್ವ್ ಹಾಕೋಕ್ಕಿಂತ ಮುಂಚೆನೇ ಡಾಕ್ಟ್ರಿಗೆ ಹೇಳಿ. ಹಾಕಿದ್ಮೇಲೆ ಕೇಳಿದ್ರೆ ಏನೂ ಮಾಡಕ್ಕಾಗಲ್ಲ." ಅವನು ಡಾಕ್ಟರ್ ಅಲ್ಲ, ಭಟ್ಕಳದ ಹತ್ರದ ಹುಡುಗ, ಮೀನುಗಾರರ ಮನೆಯವನು. ಆದ್ರೆ ಡೈವರ್ಸ್ ಮೆಡಿಕಲ್ ಫಾರ್ಮ್ ಅವನಿಗೆ ಬಾಯಿಪಾಠ ಇದೆ, ಬ್ಲಡ್ ಥಿನ್ನರ್ (ರಕ್ತ ತೆಳ್ಳಗೆ ಮಾಡೋ ಮಾತ್ರೆ) ತಗೊಳ್ಳೋರನ್ನ ವಾಪಸ್ ಕಳಿಸಿ ಅವರು ಅತ್ತಿದ್ದನ್ನ ನೋಡಿದಾನೆ.

ವಿಷಯ ಇಷ್ಟೇ. ವಾಲ್ವ್‌ನಲ್ಲಿ ಎರಡು ಜಾತಿ. ಲೋಹ, ಕಾರ್ಬನ್ ಅಂಥದ್ದರಿಂದ ಮಾಡಿದ್ದು, ಅಂದ್ರೆ ಮೆಕ್ಯಾನಿಕಲ್, ಇನ್ನೊಂದು ಹಸು ಅಥವಾ ಹಂದಿಯ ಅಂಗಾಂಶದಿಂದ ಮಾಡಿದ ಟಿಶ್ಯೂ ವಾಲ್ವ್. ಮೆಕ್ಯಾನಿಕಲ್ ಹಾಕಿದ್ರೆ ಸಾಮಾನ್ಯವಾಗಿ ಜೀವನಪೂರ್ತಿ ಬರತ್ತೆ, ನಮ್ಮ ದೇಶದಲ್ಲೇ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ಮಾಡಿದ ಚಿತ್ರಾ ವಾಲ್ವ್ ಇದೆ, 1990ರಿಂದ ಹಾಕ್ತಿದಾರೆ. ಆದ್ರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ ಸಾಯೋವರೆಗೆ ರಕ್ತ ತೆಳ್ಳಗೆ ಮಾಡೋ ಮಾತ್ರೆ ತಗೋಬೇಕು, ಐಎನ್‌ಆರ್, ಅಂದ್ರೆ ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅನ್ನೋ ಟೆಸ್ಟ್, ನೋಡಿಸ್ತಾ ಇರ್ಬೇಕು. ಟಿಶ್ಯೂ ಆದ್ರೆ ಕೆಲವು ತಿಂಗಳಾದ್ಮೇಲೆ ಆ ಮಾತ್ರೆ ಬಿಡಬಹುದು, ಆದ್ರೆ ವಾಲ್ವ್ ಸವೆಯತ್ತೆ, 10-15 ವರ್ಷ ಅಂತಾರೆ, ವಯಸ್ಸು ಚಿಕ್ಕದಿದ್ದಷ್ಟೂ ಬೇಗ ಸವೆಯತ್ತೆ, ಮತ್ತೆ ಇನ್ನೊಂದು ಪ್ರೊಸೀಜರ್ ಗ್ಯಾರಂಟಿ. 50ರೊಳಗಿನವರಿಗೆ ಹೆಚ್ಚಾಗಿ ಮೆಕ್ಯಾನಿಕಲ್ ಹೇಳೋದು ಅದಕ್ಕೇ. ನನಗೆ ಆಗ 44.

ಡೈವರ್‌ಗೆ ಇದರಲ್ಲಿ ಇರೋ ಪೇಚಾಟ ಬೇರೆಯವರಿಗೆ ಅರ್ಥ ಮಾಡ್ಸೋದು ಕಷ್ಟ. ಎಲ್ಲರೂ ಕೇಳೋದು "ಅಷ್ಟು ಪ್ರೆಶರ್‌ನಲ್ಲಿ ಒಳಗಿರೋ ವಾಲ್ವ್ ಒಡೆದು ಹೋಗಲ್ವಾ?" ಅಂತ, ನಮ್ಮ ಅತ್ತೆನೂ ಅದನ್ನೇ ಕೇಳಿದ್ರು. ಒಡೆಯಲ್ಲ, ವಾಲ್ವ್ ಒಳಗೆ ಗಾಳಿ ಇಲ್ಲ, ಸುತ್ತ ರಕ್ತ ಇದೆ, ಎಲ್ಲಾ ಕಡೆಯಿಂದ ಒತ್ತಡ ಒಂದೇ ಇರತ್ತೆ. ತೊಂದರೆ ಇರೋದು ಗಾಳಿ ಇರೋ ಜಾಗದಲ್ಲಿ, ಕಿವಿ, ಸೈನಸ್, ಶ್ವಾಸಕೋಶ. ಮಾಮೂಲಿ ಡೈವರ್‌ಗೆ ಕಿವಿ ಸರಿಯಾಗಿ ಈಕ್ವಲೈಸ್ ಆಗದೆ, ಅಂದ್ರೆ ಒಳಗಿನ ಒತ್ತಡ ಹೊರಗಿನದಕ್ಕೆ ಸಮ ಆಗದೆ, ಇದ್ರೆ ನೋವಾಗತ್ತೆ, ಮೂಗಲ್ಲಿ ಸ್ವಲ್ಪ ರಕ್ತ ಬರತ್ತೆ, ಎರಡು ದಿನಕ್ಕೆ ಸರಿಹೋಗತ್ತೆ. ರಕ್ತ ತೆಳ್ಳಗಿರೋರಿಗೆ ಅದೇ ಸಣ್ಣ ಗಾಯ ನಿಲ್ಲದೆ ಹರಿಯಬಹುದು, ಒಳಕಿವಿಗೆ ಹೋದ್ರೆ ಕಿವಿಯೇ ಹೋಗಬಹುದು, ಮೇಲೆ ಬರುವಾಗ ಮೈಯೊಳಗೆ ಗಾಳಿ ಗುಳ್ಳೆ ಕಟ್ಟೋ ಡಿಕಂಪ್ರೆಷನ್ ಕಾಯಿಲೆ ಬೆನ್ನುಹುರಿಗೆ ಬಂದ್ರೆ ಅಲ್ಲೂ ರಕ್ತಸ್ರಾವ ಆಗೋ ಭಯ. ಅದಕ್ಕೇ ತುಂಬಾ ಡಾಕ್ಟ್ರು ಬೇಡವೇ ಬೇಡ ಅಂತಾರೆ, ಕೆಲವರು ಮಾತ್ರ ಐಎನ್‌ಆರ್ ಸ್ಥಿರವಾಗಿದ್ರೆ, ಆಳ ಕಮ್ಮಿ ಇಟ್ಕೊಂಡ್ರೆ ಅಂತ ಒಪ್ತಾರೆ. ಹೃದಯದ ಇನ್ನೊಂದು ವಾಲ್ವ್ ಆದ ಮೈಟ್ರಲ್ ಸೋರ್ತಿರೋ ಎಷ್ಟೋ ಜನಕ್ಕೆ ಬದಲಾಯಿಸದೆ ರಿಪೇರಿ ಮಾಡೋಕೆ ಆಗತ್ತಂತೆ, ಅವರು ಅದನ್ನ ಕೇಳಲೇಬೇಕು.

ಮೊದಲು ಹೋದ ಆಸ್ಪತ್ರೆಯಲ್ಲಿ ಸರ್ಜನ್ ಹತ್ರ ಡೈವಿಂಗ್ ಅಂತ ಬಾಯಿ ಬಿಟ್ಟೆ, ಅವರು ಫೈಲ್‌ನಿಂದ ಕಣ್ಣೆತ್ತದೆ "ಅದೆಲ್ಲಾ ಇನ್ನು ಮರೆತುಬಿಡಿ, ಮಕ್ಕಳನ್ನ ನೋಡ್ಕೊಳ್ಳಿ" ಅಂದ್ರು. ಐದು ನಿಮಿಷವೂ ಆಗಿರ್ಲಿಲ್ಲ, ಮೆಕ್ಯಾನಿಕಲ್ ಅಂತ ಬರೆದು ಡೇಟ್ ಕೊಟ್ಟುಬಿಟ್ರು. ನನ್ನ ಯಜಮಾನರಿಗೂ ಬೇಗ ಮುಗಿಸ್ಬಿಡೋಣ ಅಂತ ಇತ್ತು, ಅವರ ಹೆದರಿಕೆ ನನಗೆ ಅರ್ಥ ಆಗತ್ತೆ, ಲಕ್ಷಣ ಶುರುವಾದ್ಮೇಲೆ ಸರ್ಜರಿ ಮಾಡಿಸ್ಕೊಳ್ಳದೆ ಇದ್ರೆ ಅರ್ಧಕ್ಕರ್ಧ ಜನ ಎರಡು ವರ್ಷದೊಳಗೆ ಹೋಗ್ಬಿಡ್ತಾರೆ ಅಂತ ಅಲ್ಲೇ ಕೇಳಿಸ್ಕೊಂಡಿದ್ರು. ಆದ್ರೂ ಹಠ ಮಾಡಿ ಪರೇಲ್ ಕಡೆಯ ಇನ್ನೊಂದು ಆಸ್ಪತ್ರೆಗೆ ಸೆಕೆಂಡ್ ಒಪಿನಿಯನ್‌ಗೆ ಹೋದೆ. ಅಲ್ಲಿನ ಸರ್ಜನ್ ಮರಾಠಿಯವರು, ಅವರಿಗೂ ಡೈವಿಂಗ್ ಗೊತ್ತಿಲ್ಲ, ಆದ್ರೆ ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದ್ರು. "ಒಂದು ವಾರ ಕೊಡಿ, ಓದ್ಕೊಂಡು ಹೇಳ್ತೀನಿ, ಅಷ್ಟರೊಳಗೆ ಓಡೋದು, ಭಾರ ಎತ್ತೋದು ಏನೂ ಬೇಡ" ಅಂದ್ರು. ವಾರ ಬಿಟ್ಟು ಹೋದಾಗ ಡೈವರ್‌ಗಳ ಸುರಕ್ಷತೆಗೆ ಕೆಲಸ ಮಾಡೋ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಬರಹಗಳ ಪ್ರಿಂಟ್ ತೆಗೆದು ಪೆನ್ಸಿಲ್‌ನಲ್ಲಿ ಗೆರೆ ಹಾಕಿ ಇಟ್ಟಿದ್ರು.

ಟಿಶ್ಯೂ ಹಾಕಿಸ್ಕೊಂಡ್ರೆ ಅರವತ್ತರೊಳಗೆ ಮತ್ತೊಂದು ಸಲ ಬರಬೇಕಾಗತ್ತೆ, ಆಗ ಕಾಲಿನ ರಕ್ತನಾಳದಿಂದ ಹಳೇ ವಾಲ್ವ್ ಒಳಗೇ ಹೊಸದನ್ನ ಕೂರಿಸೋಕೆ ಆಗಬಹುದು, ಆಗದೆಯೂ ಇರಬಹುದು, ಬರೀ ಡೈವಿಂಗ್‌ಗೋಸ್ಕರ ಇಷ್ಟು ಅಪಾಯ ತಗೋತೀರಾ ಅಂತ ನೇರವಾಗಿ ಕೇಳಿದ್ರು. ನಾನು ಎರಡು ರಾತ್ರಿ ನಿದ್ದೆ ಮಾಡ್ಲಿಲ್ಲ. ಮಕ್ಕಳ ಮುಖ ನೋಡಿದ್ರೆ ಮೆಕ್ಯಾನಿಕಲ್ ಅನ್ಸೋದು, ಕಣ್ಣು ಮುಚ್ಚಿದ್ರೆ ನೇತ್ರಾಣಿಯ ನೀಲಿ ಬರೋದು. ಕೊನೆಗೆ ನಮ್ಮಮ್ಮ ಊರಿಂದ ಫೋನ್‌ನಲ್ಲಿ "ಇನ್ನೊಂದ್ಸಲ ಆಪರೇಷನ್ ಆದ್ರೆ ಇನ್ನೊಂದ್ಸಲ ನಾನೇ ಬಂದು ಗಂಜಿ ಮಾಡಿ ಹಾಕ್ತೆ, ನಿಂಗೆ ಯಾವ್ದು ಸರಿ ಅನ್ಸತ್ತೋ ಅದನ್ನೇ ಮಾಡು" ಅಂದ್ಲು. ಟಿಶ್ಯೂ ಅಂತ ಸೈನ್ ಮಾಡಿದೆ. ಇದು ನನ್ನ ಲೆಕ್ಕ, ನಿಮ್ಮ ವಾಲ್ವ್ ಬೇರೆ, ವಯಸ್ಸು ಬೇರೆ, ನಿಮ್ಮ ಡಾಕ್ಟ್ರ ಹತ್ರ ಕೂತು ನಿಮ್ಮ ಲೆಕ್ಕ ಹಾಕಿ, ಆದ್ರೆ ಡೇಟ್ ತಗೊಳ್ಳೋಕ್ಕಿಂತ ಮುಂಚೆ ಹಾಕಿ.

2023ರ ಫೆಬ್ರವರಿಯಲ್ಲಿ ಸರ್ಜರಿ ಆಯ್ತು. ಅದಕ್ಕೆ ಮುಂಚೆ ಆಂಜಿಯೋಗ್ರಾಂ, ಸಿಟಿ, ಹಲ್ಲಿನ ಡಾಕ್ಟ್ರ ಸರ್ಟಿಫಿಕೇಟ್ ಕೂಡ, ಹಲ್ಲಿನ ಸೋಂಕು ರಕ್ತಕ್ಕೆ ಸೇರಿ ಹೊಸ ವಾಲ್ವ್‌ಗೆ ಹತ್ಕೋಬಾರದು ಅಂತ. ರಕ್ತ ಕೊಡೋಕೆ ಜನ ಬೇಕು ಅಂದಾಗ ಮಾಟುಂಗದಲ್ಲಿ ನಮ್ಮವರ ಹೋಟೆಲ್‌ನಲ್ಲಿ ಕೆಲಸ ಮಾಡೋ ಇಬ್ಬರು ಕುಂದಾಪುರದ ಹುಡುಗರು ಬೆಳಿಗ್ಗೆ ಡ್ಯೂಟಿ ಬಿಟ್ಟು ಬಂದ್ರು, ಅವರ ಋಣ ಮರೆಯಲ್ಲ. ನಮ್ಮ ಮಾವನವರು ಧೈರ್ಯ ಹೇಳೋಕೆ, ಇದೇ ಪರೇಲ್‌ನ ಕೆಇಎಂನಲ್ಲಿ 1968ರಲ್ಲೇ ಡಾ. ಪಿ. ಕೆ. ಸೇನ್ ಹೃದಯ ಕಸಿಗೇ ಕೈ ಹಾಕಿದ್ರು, ಈಗ ವಾಲ್ವ್ ಎಲ್ಲಾ ದಿನಾ ಮಾಡೋ ಕೆಲಸ ಅಂತ ಹೇಳ್ತಾನೇ ಇದ್ರು. ಸರ್ಜರಿ ಬಗ್ಗೆ ನನಗೆ ಹೇಳೋಕೆ ಜಾಸ್ತಿ ಇಲ್ಲ, ನಿದ್ದೆ ಮಾಡಿದೆ, ಎದ್ದಾಗ ಐಸಿಯು.

ಎದ್ದ ಮರುದಿನ ಫಿಸಿಯೋ ಹುಡುಗಿ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಕೈಗೆ ಕೊಟ್ಟು ಊದಬೇಡಿ, ಎಳೀರಿ ಅಂದ್ಲು. ನೀರಲ್ಲಿ 9 ವರ್ಷ ನಿಧಾನ ಉಸಿರು ಕಲಿತವಳು ನಾನು, ಅವತ್ತು ಒಂದು ಚೆಂಡು ಅರ್ಧ ಎದ್ದು ಬಿದ್ದುಹೋಯ್ತು. ಎದೆ ಮೂಳೆಯನ್ನ ತಂತಿ ಹಾಕಿ ಕಟ್ಟಿರ್ತಾರೆ, ಕೆಮ್ಮಿದ್ರೆ ದಿಂಬು ಅಪ್ಪಿಕೊಂಡು ಕೆಮ್ಮಬೇಕು, ಪ್ರತಿ ಉಸಿರಿಗೂ ನೋವು. ಆದ್ರೂ ಡೈವಿಂಗ್‌ನಲ್ಲಿ ಕಲಿತಿದ್ದು ಕೈ ಬಿಡ್ಲಿಲ್ಲ, ಹೊಟ್ಟೆಯಿಂದ, ನಿಧಾನವಾಗಿ, ಎಣಿಸ್ಕೊಂಡು. ಆರನೇ ದಿನ ಮೂರೂ ಚೆಂಡು ಮೇಲೆ ನಿಂತಾಗ ಪಕ್ಕದ ಬೆಡ್‌ನ ಆಜಿ ಚಪ್ಪಾಳೆ ಹೊಡೆದ್ರು.

ಮನೆಗೆ ಬಂದ್ಮೇಲೆ ಮೂರು ತಿಂಗಳು ರಕ್ತ ತೆಳ್ಳಗೆ ಮಾಡೋ ಅಸಿಟ್ರೋಮ್ ಮಾತ್ರೆ, ವಾರ ವಾರ ಐಎನ್‌ಆರ್. ಅಮ್ಮ ಬಂದವಳು ಪ್ರೀತಿಗೆ ಬಸಳೆ ಸೊಪ್ಪಿನ ಹುಳಿ ಎರಡು ದಿನ ಮಾಡಿದ್ಲು, ನಂಬರ್ ಇಳಿದುಹೋಯ್ತು, ಸೊಪ್ಪಲ್ಲಿರೋ ವಿಟಮಿನ್ ಕೆ ಆ ಮಾತ್ರೆಗೆ ಎದುರು ಕೆಲಸ ಮಾಡತ್ತೆ. ಸೊಪ್ಪು ಬಿಡ್ಬೇಕು ಅಂತಲ್ಲ, ದಿನಾ ಒಂದೇ ಅಳತೆ ಇರ್ಬೇಕು ಅಂತ ಡಾಕ್ಟ್ರು ಅಮ್ಮನಿಗೇ ಫೋನಲ್ಲಿ ಹೇಳಿದ್ರು. ಆ ಮೂರು ತಿಂಗಳಲ್ಲೇ ತರಕಾರಿ ಹೆಚ್ಚುವಾಗ ಬೆರಳಿಗೆ ಆದ ಗಾಯ 20 ನಿಮಿಷ ಒತ್ತಿ ಹಿಡಿದ್ರೂ ನಿಲ್ತಿರ್ಲಿಲ್ಲ, ಇದೇ ಗಾಯ ಕಿವಿಯೊಳಗೆ ಆಗಿದ್ರೆ ಅಂತ ಅವತ್ತು ನನಗೆ ಸರಿಯಾಗಿ ಅರ್ಥ ಆಯ್ತು. ಹಾಂ, ಇನ್ನೊಂದು, ಎರಡೆಸಳಿನ ವಾಲ್ವ್ ಮನೆತನದಲ್ಲಿ ಬರಬಹುದು, ಅಣ್ಣನಿಗೂ ನನ್ನ ಎರಡೂ ಮಕ್ಕಳಿಗೂ ಎಕೋ ಮಾಡಿಸಿದ್ವಿ, ದೇವರ ದಯೆ, ಮೂವರದ್ದೂ ಸರಿ ಇದೆ.

ಈಗ ಸೆಂಟರ್ ವಿಷಯಕ್ಕೆ ವಾಪಸ್ ಬರ್ತೀನಿ. ಸರ್ಜರಿ ಆಗಿ ಏಳೆಂಟು ತಿಂಗಳು ಕಳೆದು, ಅಕ್ಟೋಬರ್‌ನಲ್ಲಿ ಮಳೆ ಮುಗಿದು ಸೀಸನ್ ಶುರುವಾದಾಗ ಮೆಸೇಜ್ ಹಾಕಿದೆ, ಯಾವಾಗ ಬರ್ಲಿ ಅಂತ. ಬೇರೆ ಯಾರಾದ್ರೂ ಆಗಿದ್ರೆ ರೇಟ್ ಕಾರ್ಡ್ ಕಳಿಸೋರು. ಇವರು ಕಳಿಸಿದ್ದು ಮೆಡಿಕಲ್ ಫಾರ್ಮ್. ಅದರಲ್ಲಿ ಬಾಕ್ಸ್ ಎ ಅಂತ ಇದೆ, ಎದೆ ಸರ್ಜರಿ, ಹಾರ್ಟ್ ಸರ್ಜರಿ, ಹಾರ್ಟ್ ವಾಲ್ವ್ ಸರ್ಜರಿ ಅಂತ ಹೆಸರು ಹಿಡಿದೇ ಕೇಳಿರ್ತಾರೆ, ಅಲ್ಲಿ ಹೌದು ಅಂದ್ರೆ ಡಾಕ್ಟರ್ ನೋಡಿ ಸೈನ್ ಮಾಡದೆ ನೀರಿಗೆ ಇಳಿಯೋ ಹಾಗಿಲ್ಲ. ಜೊತೆಗೆ ಇವರು ಕೇಳಿದ್ದು ಹೊಸ ಎಕೋ, ಟ್ರೆಡ್‌ಮಿಲ್ ರಿಪೋರ್ಟ್, ರಕ್ತ ತೆಳ್ಳಗೆ ಮಾಡೋ ಮಾತ್ರೆ ನಿಂತಿದೆ ಅಂತ ಸರ್ಜನ್ ಪತ್ರ, ಮತ್ತೆ ಎದೆಯ ಸಿಟಿ. ಸಿಟಿ ಯಾಕೆ ಅಂತ ನನಗೇ ಆಶ್ಚರ್ಯ ಆಯ್ತು. ಎದೆ ತೆರೆದವರ ಶ್ವಾಸಕೋಶದ ಹತ್ರ ಗಾಯದ ಅಂಟು ಉಳಿದು ಎಲ್ಲಾದ್ರೂ ಗಾಳಿ ಸಿಕ್ಕಿಹಾಕಿಕೊಳ್ಳೋ ಹಾಗಿದ್ರೆ ಅಪಾಯ, 10 ಮೀಟರ್‌ನಿಂದ ಮೇಲೆ ಬರೋದ್ರೊಳಗೆ ಗಾಳಿ ಎರಡು ಪಟ್ಟು ಹಿಗ್ಗತ್ತೆ. ನನ್ನ ಸರ್ಜನ್‌ಗೆ ಹೇಳಿದಾಗ ಅವರೂ ಸರಿಯಾಗೇ ಕೇಳಿದಾರೆ ಅಂದ್ರು.

ಅದೇ ಟೈಮಲ್ಲಿ ಇನ್ನೊಂದು ಕಡೆ, ಎಲ್ಲಿ ಅಂತ ಹೇಳಲ್ಲ, ವಿಚಾರಿಸಿದ್ದೆ. ಅವಸರ ತಡೀಲಿಲ್ಲ ನನಗೆ, ಒಪ್ಕೋತೀನಿ. ಅವರು ಫೋನಲ್ಲೇ "ಏನೂ ಆಗಲ್ಲ ಮೇಡಂ, ಫಾರ್ಮಲ್ಲಿ ಎಲ್ಲದಕ್ಕೂ ನೋ ಅಂತ ಟಿಕ್ ಮಾಡ್ಬಿಡಿ" ಅಂದ್ರು. ಇದು ಒಂದು ಕಡೆಯ ಕತೆ ಅಲ್ಲ, ಮೊದಲ ಸಲ ನೀರಿಗೆ ಇಳಿಯೋ ಟೂರಿಸ್ಟ್‌ಗಳಿಗೆ ಬೋಟಲ್ಲೇ ಫಾರ್ಮ್ ಕೊಟ್ಟು ಸೈನ್ ಹಾಕಿಸ್ಕೊಳ್ಳೋದನ್ನ ನಾನೇ ಎಷ್ಟೋ ಸಲ ನೋಡಿದೀನಿ, ಯಾರೂ ಓದಲ್ಲ. ದಯವಿಟ್ಟು ಓದಿ. ಹಾಗೆ ನೋ ಅಂತ ಟಿಕ್ ಮಾಡ್ಸೋ ಜಾಗದಿಂದ ಎದ್ದು ಬನ್ನಿ, ಅಡ್ವಾನ್ಸ್ ಹೋದ್ರೆ ಹೋಗ್ಲಿ.

ಡಾಕ್ಟ್ರು ನನಗಿಟ್ಟ ಗುರಿ ಟ್ರೆಡ್‌ಮಿಲ್‌ನಲ್ಲಿ 10 ಮೆಟ್ಸ್ (ಸುಮ್ನೆ ಕೂತಾಗ ಬೇಕಾಗೋ ಶಕ್ತಿಯ ಹತ್ತು ಪಟ್ಟು), ಅಂದ್ರೆ ಮೂರು ನಿಮಿಷಕ್ಕೊಮ್ಮೆ ವೇಗ, ಏರು ಜಾಸ್ತಿ ಮಾಡೋ ಬ್ರೂಸ್ ಪ್ರೋಟೋಕಾಲ್‌ನಲ್ಲಿ ಮೂರು ಸ್ಟೇಜ್, 9 ನಿಮಿಷ, ಎದೆನೋವು ಇಲ್ಲದೆ, ಇಸಿಜಿ ಕೆಡದೆ. ಡಿಸೆಂಬರ್‌ನಲ್ಲಿ ಮೊದಲ ಸಲ 7 ನಿಮಿಷಕ್ಕೇ ಕಾಲು ಸೋತಿತು. ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ಫಡ್ಕೆ ರೋಡ್‌ನಿಂದ ಶುರುಮಾಡಿ ಒಂದು ಗಂಟೆ ಬಿರುಸಾಗಿ ನಡೆದೆ, ಬಿಲ್ಡಿಂಗ್ ಮೆಟ್ಟಿಲು ಐದು ಮಹಡಿ ಹತ್ತಿ ಇಳಿದೆ. ಫೆಬ್ರವರಿಯಲ್ಲಿ 9 ನಿಮಿಷ 40 ಸೆಕೆಂಡ್ ಆಯ್ತು. ರಿಪೋರ್ಟ್ ಕೈಗೆ ಬಂದ ದಿನ ಪರೇಲ್ ಸ್ಟೇಷನ್ ಪ್ಲಾಟ್‌ಫಾರ್ಮ್ ಮೇಲೆ ನಿಂತು ಅತ್ತುಬಿಟ್ಟೆ, ಜನ ಎಲ್ಲಾ ನೋಡ್ತಿದ್ರು.

ಪೇಪರ್ ಎಲ್ಲಾ ಕಳಿಸಿದ್ಮೇಲೂ ಇವರು ಸೀದಾ ಸಮುದ್ರಕ್ಕೆ ಕರ್ಕೊಂಡು ಹೋಗ್ಲಿಲ್ಲ. ಮೊದಲ ದಿನ ಪೂಲ್, ಎರಡೂವರೆ ಮೀಟರ್, ಒಂದು ಗಂಟೆ, ಮಾಸ್ಕ್ ತೆಗೆದು ಹಾಕೋದ್ರಿಂದ ಹಿಡಿದು ಎಲ್ಲಾ ಮೊದಲಿಂದ. ಅದಕ್ಕೆ ಬೇರೆ ದುಡ್ಡು ತಗೊಂಡ್ರು, ತಗೋಬೇಕಾದ್ದೇ. ಮರುದಿನ ಬೋಟಲ್ಲಿ ಆ ಹುಡುಗ ಸಿಲಿಂಡರ್ ನನ್ನ ಬೆನ್ನಿಗೆ ಹಾಕ್ಲೇ ಇಲ್ಲ, ತುಂಬಿದ ಸಿಲಿಂಡರ್ 17 ಕೆಜಿ ಹತ್ರ ಇರತ್ತೆ, ಮೂಳೆ ಕೂಡಿದ್ರೂ ಅಲುಗಾಡೋ ಬೋಟಲ್ಲಿ ಅದನ್ನ ಹೊತ್ತು ನಿಲ್ಲೋದು ಬೇಡ ಅಂತ ಸಿಲಿಂಡರ್ ಕಟ್ಟೋ ಗಾಳಿ ಜಾಕೆಟ್, ಅಂದ್ರೆ ಬಿಸಿಡಿಗೆ ಗಾಳಿ ತುಂಬಿ ನೀರಲ್ಲೇ ತೇಲಿಬಿಟ್ಟು ಅಲ್ಲೇ ತೊಡಿಸಿದ, ವಾಪಸ್ ಬರುವಾಗ ನೀರಲ್ಲೇ ಬಿಚ್ಚಿಸ್ಕೊಂಡು ಬೆನ್ನ ಮೇಲೆ ಭಾರ ಏನೂ ಇಲ್ಲದೆ ಏಣಿ ಹತ್ತಿಸಿದ. ಅವತ್ತು ನನ್ನ ಜೊತೆ ಅವನೊಬ್ಬನೇ, ಬೇರೆ ಯಾರನ್ನೂ ಆ ಗುಂಪಿಗೆ ಸೇರಿಸಿರ್ಲಿಲ್ಲ. ಬಂಡೆ ತರಚಿ ಗಾಯ ಆದ್ರೆ ಸೋಂಕು ಅಂತ ಉದ್ದ ತೋಳಿನ ವೆಟ್‌ಸೂಟ್, ಕೈಗೆ ಗ್ಲೌಸ್, ಬೋಟಲ್ಲಿ ಶುದ್ಧ ನೀರು ಮತ್ತೆ ಆಂಟಿಸೆಪ್ಟಿಕ್ ರೆಡಿ.

ಕುಂದು ಇಲ್ಲ ಅಂತಲ್ಲ. ಬೋಟಲ್ಲಿ ಟಾಯ್ಲೆಟ್ ಇಲ್ಲ, ಹೆಂಗಸರಿಗೆ ಬಟ್ಟೆ ಬದಲಾಯಿಸೋಕೆ ಒಂದು ಪರದೆ ಬಿಟ್ರೆ ಏನೂ ಇಲ್ಲ, ನೀರಿಗೆ ಇಳಿದ್ರೆ ಎಲ್ಲರಿಗೂ ಮೂತ್ರಕ್ಕೆ ಅವಸರ ಆಗತ್ತೆ, ಇದನ್ನ ಅವರು ಸರಿ ಮಾಡ್ಲೇಬೇಕು. ಬಾಡಿಗೆ ವೆಟ್‌ಸೂಟ್‌ಗಳು ಹಳೇವು, ಹೆಂಗಸರ ಸೈಜ್ ಎರಡೇ ಎರಡು ಇದ್ವು, ನನ್ನ ಎದೆ ಗಾಯದ ಗುರುತಿನ ಮೇಲೇ ಜಿಪ್ ಬರೋ ಸೂಟ್ ಕೊಟ್ಟಿದ್ರು, ಹಿಂದೆ ಜಿಪ್ ಇರೋದು ಹುಡುಕೋಕೆ ಅರ್ಧ ಗಂಟೆ ಹೋಯ್ತು. ವಾರದ ಕೊನೆಗೆ ಹೋಗ್ಬೇಡಿ, ಅದೇ ಬೋಟಲ್ಲಿ ಮೊದಲ ಸಲ ಇಳಿಯೋ ಟೂರಿಸ್ಟ್‌ಗಳೂ ಇರ್ತಾರೆ, ಗಲಾಟೆ ಜಾಸ್ತಿ. ಫೋಟೋಗೆ ಬೇರೆ ಚಾರ್ಜ್ ಅಂತ ಮೊದಲೇ ಹೇಳ್ಲಿಲ್ಲ. ಮತ್ತೆ ಗೋವಾದ ನೀರು ನೇತ್ರಾಣಿಯಷ್ಟು ತಿಳಿ ಇರಲ್ಲ, ಅದಕ್ಕೆ ಸೆಂಟರ್‌ನವರನ್ನ ಬೈಯೋದು ಬೇಡ.

8 ಮೀಟರ್, 32 ನಿಮಿಷ. ಕಿವಿ ಎರಡೂ ನೋವಿಲ್ಲದೆ ತೆರೆದ್ವು. ಒಂದು ಬಂಡೆ ಕೆಳಗೆ ಲಯನ್ ಫಿಶ್ ರೆಕ್ಕೆ ಹರಡ್ಕೊಂಡು ನಿಂತಿತ್ತು, ಪಕ್ಕದಲ್ಲಿ ಮರಿ ಮೀನುಗಳ ದೊಡ್ಡ ಹಿಂಡು, ನಾನು ಅದನ್ನ ನೋಡಿದ್ದಕ್ಕಿಂತ ಜಾಸ್ತಿ ನನ್ನ ಉಸಿರಿನ ಗುಳ್ಳೆಗಳ ಸದ್ದು ಕೇಳಿಸ್ಕೊಂಡೆ, ಹಿಂದಿನ ಸಲ ಅದು ಒಂದರ ಹಿಂದೆ ಒಂದು ಓಡಿ ಬರ್ತಿತ್ತು, ಈ ಸಲ ಮಧ್ಯೆ ಮಧ್ಯೆ ಬಿಡುವಿತ್ತು. ಮೇಲೆ ಬಂದು ಕೂತೆ. ಹುಡುಗ ಗೇಜ್ ನೋಡಿದ, 120 ಬಾರ್ ಇತ್ತು, ಪುಸ್ತಕದಲ್ಲಿ ಬರ್ಕೊಂಡ. ಎರಡನೇ ಡೈವ್ ಕೇಳೋಣ ಅಂತ ಬಾಯಿ ತನಕ ಬಂದಿತ್ತು, ಅಷ್ಟರಲ್ಲಿ ಅವನೇ "ಇವತ್ತಿಗೆ ಸಾಕು ಅಕ್ಕಾ, ನಾಳೆ ಒಂದು ಮಾಡೋಣ" ಅಂದ. ಆಯ್ತಪ್ಪಾ ಅಂದೆ.

ಮುಂದಿನ ಅಕ್ಟೋಬರ್‌ಗೆ ಎರಡು ದಿನ ಬುಕ್ ಮಾಡಿದೀನಿ, ಸೆಪ್ಟೆಂಬರ್ ಕೊನೆಯೊಳಗೆ ಹೊಸ ಎಕೋ ಬೇಕು ಅಂತ ಈಗಲೇ ಮೆಸೇಜ್ ಹಾಕಿದಾರೆ. ಐದಕ್ಕೆ ಐದು.